ಸುಂಕದವನು ಕಟ್ಟೆ ಬಿಟ್ಟು ಡೀಸೆಲ್ ಪಂಪಿಗೆ ಬಂದದ್ದು

‘ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ಕೇಳದವರು ನಮ್ಮ ಓದುಗರಲ್ಲಿ ಯಾರೂ ಇರಲಿಕ್ಕಿಲ್ಲ. ಮಗಳ ಮದುವೆ ಇದೆ, ಮಳೆ ಹೋಗಿದೆ, ಎತ್ತು ಸತ್ತಿದೆ ಎಂದು ಏನೇ ಹೇಳಿದರೂ ಅವನು ಕೇಳುವುದು ಒಂದೇ ಮಾತು: ಎಷ್ಟು ಹೇರು ಇದೆ, ದುಡ್ಡು ತೆಗಿ. ಗಾದೆ ಅವನ ಕಲ್ಲು ಮನಸ್ಸಿನ ಬಗ್ಗೆ. ಆದರೆ ಅದರೊಳಗೆ ಇನ್ನೊಂದು ಸಂಗತಿಯೂ ಇದೆ. ಆ ಕಾಲದಲ್ಲಿ ಸುಂಕದವನು ಕಣ್ಣಿಗೆ ಕಾಣುತ್ತಿದ್ದ. ಬೈಯಬಹುದಿತ್ತು, ಚೌಕಾಸಿ ಮಾಡಬಹುದಿತ್ತು, ರಾತ್ರಿ ಹೊತ್ತು ಅಡ್ಡದಾರಿ ಹಿಡಿದು ತಪ್ಪಿಸಿಕೊಳ್ಳಲೂಬಹುದಿತ್ತು.

ಈಗ ಯಾರ ಮುಂದೆ ಹೇಳಿಕೊಳ್ಳೋಣ? ಬಂಕಿನಲ್ಲಿ ಪೈಪ್ ಹಿಡಿದು ನಿಂತ ಹುಡುಗನ ಮುಂದೆಯೆ? ಅವನೂ ನಮ್ಮೂರಿನವನೇ. ಅವನ ಬೈಕಿಗೂ ಅದೇ ರೇಟು.

ಡೀಸೆಲ್ ದರ ಏರಿದಾಗಲೆಲ್ಲ ಸುದ್ದಿ ಕಳಿಸುವುದು ನಮ್ಮ ಕೆಲಸ. ಎಷ್ಟು ಏರಿತು, ಯಾರು ಪ್ರತಿಭಟಿಸಿದರು, ಯಾವ ಸರ್ಕಲ್‌ನಲ್ಲಿ ಟೈರ್ ಸುಟ್ಟರು ಎಂದು ಬರೆಯುತ್ತೇವೆ. ಈ ತೆರಿಗೆ ಎಲ್ಲಿಂದ ಬಂತು, ದಾರಿಯ ಮೇಲೆ ಕೂತಿದ್ದ ಸುಂಕ ಎಣ್ಣೆಯೊಳಗೆ ಹೇಗೆ ಇಳಿಯಿತು ಎಂದು ಬರೆಯಲು ಇನ್ನೂರು ಪದದ ಸುದ್ದಿಯಲ್ಲಿ ಜಾಗ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಿದ್ದಾಗ ಓದಿ.

ನಮ್ಮ ನಾಡಿನ ಶಾಸನಗಳನ್ನು ನೋಡಿದರೆ ಸುಂಕದ ಮಾತಿಲ್ಲದ ಕಾಲವೇ ಇಲ್ಲವೇನೋ ಅನಿಸುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಕಲ್ಲುಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಹೆಜ್ಜುಂಕ ಅಂದರೆ ಹಿರಿದಾದ ಸುಂಕ, ದೊಡ್ಡ ಪ್ರಮಾಣದಲ್ಲಿ ಸಾಗುವ ಸರಕಿನ ಮೇಲೆ ಹಾಕುತ್ತಿದ್ದದ್ದು. ಲೆಕ್ಕ ನಡೆಯುತ್ತಿದ್ದದ್ದು ಹೇರಿನಲ್ಲಿ. ಒಂದು ಎತ್ತು ಬೆನ್ನ ಮೇಲೆ ಹೊರುವಷ್ಟು ವೀಳ್ಯದೆಲೆ, ಅಡಿಕೆ, ಮೆಣಸು, ಧಾನ್ಯ ಒಂದು ಹೇರು. ಒಂದು ಊರಿನ ದೇವಸ್ಥಾನಕ್ಕೆ ದೀಪದ ಖರ್ಚಿಗೆಂದು ಆ ದಾರಿಯ ಸುಂಕದಲ್ಲಿ ಇಷ್ಟು ಪಾಲು ಎಂದು ಬಿಟ್ಟುಕೊಟ್ಟ ಶಾಸನಗಳಿವೆ. ಇಂಥವರ ಇಷ್ಟು ಎತ್ತಿನ ಹೇರಿಗೆ ಸುಂಕವಿಲ್ಲ ಎಂದು ಮಾಫಿ ಕೊಟ್ಟ ಶಾಸನಗಳೂ ಇವೆ. ದೊಡ್ಡ ವ್ಯಾಪಾರಿ ಸಂಘಗಳಿಗೆ ರಿಯಾಯಿತಿ ಆಗಲೂ ಸಿಗುತ್ತಿತ್ತು ಎಂಬುದನ್ನು ಇಲ್ಲೇ ಗಮನಿಸಿಟ್ಟುಕೊಳ್ಳಿ.

ನಮಗೆ ಮುಖ್ಯ ಅನಿಸಿದ್ದು ಇದು: ಸುಂಕ ಎಲ್ಲಿ ವಸೂಲಾಗುತ್ತದೆ, ಅದರಲ್ಲಿ ಎಷ್ಟು ಯಾವ ಗುಡಿಗೆ ಹೋಗುತ್ತದೆ ಎಂಬುದು ಊರ ನಡುವೆ ಕಲ್ಲಿನ ಮೇಲೆ ಕೆತ್ತಿ ನಿಂತಿರುತ್ತಿತ್ತು. ಓದು ಬಾರದವರಿಗೂ ಕಲ್ಲು ಯಾಕೆ ನಿಂತಿದೆ ಎಂಬುದು ಗೊತ್ತಿರುತ್ತಿತ್ತು. ಸುಂಕ ಕಟ್ಟುವ ಜಾಗಕ್ಕೆ ಕಟ್ಟೆ, ಉಕ್ಕಡ ಎನ್ನುತ್ತಿದ್ದರು. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ಇವತ್ತು ಬಸ್ ಇಳಿಯುವ ನಮ್ಮ ಹುಡುಗರಲ್ಲಿ ಎಷ್ಟು ಜನ ಆ ಹೆಸರಿನ ಅರ್ಥ ಯೋಚಿಸಿದ್ದಾರೋ ತಿಳಿಯದು.

ಕಾಲ ಕಳೆದಂತೆ ಕಟ್ಟೆಗಳು ಹೆಚ್ಚಿದವು. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಹಳೇ ಮೈಸೂರು ಸೀಮೆಯಲ್ಲಿ ಇದು ಹದ್ದು ಮೀರಿತ್ತು. ಸರಕಿನ ಮೇಲಿನ ಸುಂಕಕ್ಕೆ ಆಗ ಸಾಯರ್ ಎಂಬ ಹೆಸರು. ಮಲೆನಾಡಿನ ಅಡಿಕೆ ಘಟ್ಟದ ಸೀಮೆ ದಾಟಿ ತಮಿಳು ನಾಡಿನ ಪೇಟೆ ಮುಟ್ಟುವುದರೊಳಗೆ ದಾರಿಯುದ್ದಕ್ಕೂ ಕಟ್ಟೆ, ಪ್ರತಿ ಕಟ್ಟೆಯಲ್ಲೂ ತಪಾಸಣೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ತಮ್ಮ ಕೈಗೆ ತೆಗೆದುಕೊಂಡರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್. ಅವನ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769 ಎಂದು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಬರೆದಿದ್ದಾರೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಜವಳ ತೆಗೆಸಿದರೆ ತೆರಿಗೆ. ಒಂದು ಊರಿನವರು ಯಾವ ಕಾಲದಲ್ಲೋ ಪಾಳೆಗಾರನ ಕುದುರೆ ತಪ್ಪಿಸಿಕೊಂಡಾಗ ಹುಡುಕಿಕೊಡಲಿಲ್ಲ ಎಂದು ಅವರ ಮೊಮ್ಮಕ್ಕಳೂ ತೆರಿಗೆ ಕಟ್ಟುತ್ತಿದ್ದರಂತೆ. ನಗರ ಸೀಮೆಯಲ್ಲಿ ಒಂದು ಜಾಗವಿತ್ತು. ಅಲ್ಲಿ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯದೆ ಬೀಸಿಕೊಂಡು ಹೋದರೆ ಅದಕ್ಕೂ ದುಡ್ಡು. ಇವೆಲ್ಲ ಸರ್ಕಾರದ ಲೆಕ್ಕಪುಸ್ತಕದಲ್ಲಿ ಆದಾಯ ಎಂದು ಬರೆದಿದ್ದವೇ ಹೊರತು ಯಾರೋ ಕಟ್ಟಿದ ಕಥೆಯಲ್ಲ.

ನಗು ಬರುತ್ತದೆ. ಆದರೆ ಆ ತೆರಿಗೆ ಕಟ್ಟುವವನಿಗೆ ತಾನು ಯಾತಕ್ಕೆ ಕಟ್ಟುತ್ತಿದ್ದೇನೆ ಎಂಬುದು ಗೊತ್ತಿತ್ತು. ಹಾಗಾಗಿಯೇ ಅದು ಅನ್ಯಾಯ ಎಂದು ಹೇಳಲೂ ಬಂತು.

ಮೈಸೂರಿನ ಆಚೆ, ಬ್ರಿಟಿಷರು ನೇರವಾಗಿ ಆಳುತ್ತಿದ್ದ ಕನ್ನಡ ಸೀಮೆಗಳಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಧಾರವಾಡ, ಬೆಳಗಾವಿ ಕಡೆ ಬೊಂಬಾಯಿ ಪ್ರಾಂತ್ಯ. ಬಳ್ಳಾರಿ, ಮಂಗಳೂರು ಕಡೆ ಮದರಾಸು ಪ್ರಾಂತ್ಯ. ಒಳನಾಡಿನ ಸಾಗಣೆ ಸುಂಕ ವ್ಯಾಪಾರವನ್ನು ಕೊಲ್ಲುತ್ತಿದೆ ಎಂದು ಚಾರ್ಲ್ಸ್ ಟ್ರೆವೆಲ್ಯಾನ್ ಎಂಬ ಯುವ ಅಧಿಕಾರಿ ಬಂಗಾಳದಿಂದ 1834ರಲ್ಲಿ ವರದಿ ಬರೆದ. ಅದರ ಬೆನ್ನಿಗೆ ಬಂಗಾಳದಲ್ಲಿ 1836ರಲ್ಲಿ, ನಂತರ ಬೊಂಬಾಯಿಯಲ್ಲಿ, 1844ರಲ್ಲಿ ಮದರಾಸಿನಲ್ಲಿ ಕಟ್ಟೆಗಳು ಎದ್ದುಹೋದವು. ಚಕ್ಕಡಿ ಹೂಡಿದವರು ನಿಟ್ಟುಸಿರು ಬಿಟ್ಟಿರಬೇಕು.

ಹಾಗಾದರೆ ಸರ್ಕಾರದ ಬೊಕ್ಕಸಕ್ಕಾದ ನಷ್ಟ? ಅದನ್ನು ಉಪ್ಪಿನಿಂದ ತುಂಬಿಕೊಂಡರು. ಬೊಂಬಾಯಿಯಲ್ಲಿ 1837ರಲ್ಲಿ ಉಪ್ಪಿಗೆ ಮಣಕ್ಕೆ 8 ಆಣೆ ಸುಂಕ ಬಂತು. ಮದರಾಸಿನಲ್ಲಿ ಉಪ್ಪು ಮಾರುವ ಹಕ್ಕು ಸರ್ಕಾರದ್ದೇ. ಸಾಗಣೆ ಸುಂಕ ಎತ್ತಿದ 1844ರ ಕಾನೂನಿನ ಜೊತೆಗೇ ಉಪ್ಪಿನ ಬೆಲೆ ಏರಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಇಡೀ ಕಥೆಯ ತಿರುವು ಇಲ್ಲಿದೆ ಎಂದು ನಮಗನಿಸುತ್ತದೆ. ಕಟ್ಟೆಯಲ್ಲಿ ಸುಂಕ ಕಟ್ಟುತ್ತಿದ್ದವನು ಹೇರು ಹೊರಿಸಿಕೊಂಡು ಹೊರಟ ವ್ಯಾಪಾರಿ. ಉಪ್ಪು ತಿನ್ನುವವರು ಎಲ್ಲರೂ. ಎಂದೂ ಊರು ಬಿಟ್ಟು ಹೊರಗೆ ಹೋಗದ ಅಜ್ಜಿಯೂ ಇನ್ನು ಮೇಲೆ ದಾರಿಯ ಸುಂಕದ ಒಂದು ಭಾಗ ಕಟ್ಟಬೇಕು, ಅಂಬಲಿಗೆ ಹಾಕುವ ಚಿಟಿಕೆ ಉಪ್ಪಿನಲ್ಲಿ. ಅದು ಅವಳಿಗೆ ಗೊತ್ತಾಗುವುದೂ ಇಲ್ಲ. ಅಂಗಡಿಯವನು ಬೆಲೆ ಏರಿಸಿದ ಎಂದು ಅವನನ್ನೇ ಬೈದಿರುತ್ತಾಳೆ. ಸರ್ಕಾರಕ್ಕೆ ನೂರು ಕಟ್ಟೆಗಳಲ್ಲಿ ನೂರು ಗುಮಾಸ್ತರನ್ನು ಕೂರಿಸುವ ಖರ್ಚು ಉಳಿಯಿತು. ಉಪ್ಪಿನ ಆಗರಕ್ಕೆ ಕಾವಲು ಹಾಕಿದರೆ ಸಾಕು. ಒಂದು ಕಡೆ ಹಿಡಿದರೆ ಎಲ್ಲರ ಮನೆಯಿಂದಲೂ ಬರುವ ತೆರಿಗೆ! ಯಾವ ಹಣಕಾಸು ಅಧಿಕಾರಿ ತಾನೇ ಬೇಡವೆಂದಾನು?

ಸುಂಕ ಹೋದರೂ ರಸ್ತೆಗೆ ದುಡ್ಡು ಬೇಕಲ್ಲ. ಬೊಂಬಾಯಿ ಪ್ರಾಂತ್ಯದಲ್ಲಿ ಅದನ್ನು ರೈತನ ತಲೆಗೆ ಕಟ್ಟಿದರು. ಭೂಕಂದಾಯದ ಪ್ರತಿ ಒಂದು ರೂಪಾಯಿಗೆ ಒಂದು ಆಣೆ ಹೆಚ್ಚುವರಿ ಕರ. 1869ರ ಲೋಕಲ್ ಫಂಡ್ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಬಂದದ್ದರಲ್ಲಿ ಮೂರನೇ ಎರಡು ಪಾಲು ರಸ್ತೆ ಮುಂತಾದ ಕಾಮಗಾರಿಗೆ, ಮೂರನೇ ಒಂದು ಪಾಲು ಶಾಲೆಗೆ. ಧಾರವಾಡ, ವಿಜಯಪುರ, ಕಾರವಾರ ಕಡೆಯ ಎಷ್ಟೋ ಹಳೇ ಸರ್ಕಾರಿ ಶಾಲೆಗಳ ಬೇರು ಈ ಒಂದಾಣೆಯಲ್ಲಿದೆ. ಕರ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಬರಗಾಲದಲ್ಲಿ ಆ ಒಂದಾಣೆಯೂ ಭಾರ. ಆದರೆ ಪಾಲು ಬರೆದಿಟ್ಟಿತ್ತು: ಇಷ್ಟು ದಾರಿಗೆ, ಇಷ್ಟು ಶಾಲೆಗೆ. ಸೇತುವೆ, ಘಟ್ಟದ ರಸ್ತೆಗಳಲ್ಲಿ ಟೋಲ್ ಕಟ್ಟೆಗಳು ಮತ್ತೆ ಬಂದವು. 1851ರ ಇಂಡಿಯನ್ ಟೋಲ್ಸ್ ಆಕ್ಟ್, 1875ರ ಬೊಂಬಾಯಿ ಟೋಲ್ ಕಾನೂನು ಅದಕ್ಕೆ ಆಧಾರ.

ಆಮೇಲೆ ಮೋಟಾರು ಬಂತು.

ಚಕ್ಕಡಿಯ ಕಬ್ಬಿಣದ ಪಟ್ಟಿ ರಸ್ತೆ ಹಾಳು ಮಾಡುತ್ತದೆ ಎಂದು ಆವರೆಗೆ ದೂರುತ್ತಿದ್ದರು. ಮೋಟಾರು ಬಂದ ಮೇಲೆ ಕಲ್ಲು ಮಣ್ಣು ಹಾಕಿ ಒತ್ತಿದ ರಸ್ತೆಗಳು ಧೂಳಾಗಿ ಹಾರತೊಡಗಿದವು. ರಸ್ತೆ ಮಾಡಿಸಿದ್ದು ರೈತನ ಒಂದಾಣೆ, ಹಾಳು ಮಾಡುತ್ತಿದ್ದದ್ದು ಸಾಹುಕಾರರ, ಸಾಹೇಬರ ಕಾರು, ಬಸ್ಸು.

ಪೆಟ್ರೋಲಿಗೆ ತೆರಿಗೆ ಆ ವೇಳೆಗಾಗಲೇ ಇತ್ತು. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1917ರಲ್ಲಿ, ಭಾರತ ಸರ್ಕಾರ ಮೋಟಾರ್ ಸ್ಪಿರಿಟ್ ಮೇಲೆ ಗ್ಯಾಲನ್ನಿಗೆ 6 ಆಣೆ ಸುಂಕ ಹಾಕಿತು. ಮೋಟಾರ್ ಸ್ಪಿರಿಟ್ ಅಂದರೆ ಪೆಟ್ರೋಲ್. ಕಾನೂನಿನ ಪುಸ್ತಕದಲ್ಲಿ ಇವತ್ತಿಗೂ ಅದಕ್ಕೆ ಅದೇ ಹೆಸರು. ಯುದ್ಧ ಮುಗಿಯಿತು, ಸುಂಕ ಉಳಿಯಿತು. 1925ರಲ್ಲಿ 4 ಆಣೆಗೆ ಇಳಿಸಿದರು.

ರಸ್ತೆಗಳ ಸ್ಥಿತಿ ನೋಡಲು 1927ರಲ್ಲಿ ಒಂದು ಸಮಿತಿ ಆಯಿತು. ಅಧ್ಯಕ್ಷರು ಬೊಂಬಾಯಿಯ ವಕೀಲ, ರಾಜಕಾರಣಿ ಎಂ.ಆರ್. ಜಯಕರ್. ಅವರ ಸಮಿತಿ ಹೇಳಿದ್ದು ಸರಳ: ರಸ್ತೆಗಳು ಇನ್ನು ಜಿಲ್ಲಾ ಬೋರ್ಡುಗಳ ಕೈಯಿಂದ ನಿಭಾಯಿಸಲು ಆಗುವುದಿಲ್ಲ, ಮೋಟಾರು ಓಡಿಸುವವರಿಂದಲೇ ಹಣ ಎತ್ತಿ ರಸ್ತೆಗೆ ಹಾಕಬೇಕು. ಅದರಂತೆ 1929ರ ಮಾರ್ಚ್‌ನಲ್ಲಿ ಪೆಟ್ರೋಲಿನ ಸುಂಕ 4ರಿಂದ 6 ಆಣೆಗೆ ಏರಿತು. ಹೆಚ್ಚಿಸಿದ ಆ 2 ಆಣೆ ಮಾತ್ರ ಬೇರೆ ಖಾತೆಗೆ, ರಸ್ತೆಗೆಂದೇ. ಕೇಂದ್ರ ರಸ್ತೆ ನಿಧಿ ಹುಟ್ಟಿದ್ದು ಹೀಗೆ.

ವಿಚಾರ ಒಪ್ಪುವಂಥದ್ದೇ. ರಸ್ತೆ ಹಾಳು ಮಾಡುವವನು ರಸ್ತೆಗೆ ಕಟ್ಟಲಿ. ಹೆಚ್ಚು ಓಡಿಸಿದರೆ ಹೆಚ್ಚು ಎಣ್ಣೆ ಸುಡುತ್ತಾನೆ, ಹೆಚ್ಚು ಕಟ್ಟುತ್ತಾನೆ. ಆದರೆ ಹಣ ಹಂಚುವಾಗ ಒಂದು ಎಡವಟ್ಟಾಯಿತು. ಪ್ರಾಂತ್ಯಗಳಿಗೆ ಪಾಲು ಸಿಗುತ್ತಿದ್ದದ್ದು ಅಲ್ಲಿ ಎಷ್ಟು ಪೆಟ್ರೋಲ್ ಖರ್ಚಾಯಿತು ಎಂಬ ಲೆಕ್ಕದಲ್ಲಿ. ಕಾರು ಇದ್ದಲ್ಲಿ ಪೆಟ್ರೋಲ್, ಪೆಟ್ರೋಲ್ ಇದ್ದಲ್ಲಿ ರಸ್ತೆ, ರಸ್ತೆ ಇದ್ದಲ್ಲಿ ಮತ್ತೆ ಕಾರು. ರಸ್ತೆಯೇ ಇಲ್ಲದ ಸೀಮೆ ಈ ಲೆಕ್ಕದಲ್ಲಿ ಎಂದೂ ಮೇಲೆ ಬರಲಾರದು.

ಮದರಾಸು ಪ್ರಾಂತ್ಯ ಇನ್ನೊಂದು ದಾರಿ ಹಿಡಿಯಿತು. 1931ರಲ್ಲಿ ಮೋಟಾರು ವಾಹನ ತೆರಿಗೆ ಕಾನೂನು ತಂದು ಸ್ಥಳೀಯ ಬೋರ್ಡುಗಳ ಟೋಲ್ ಗೇಟುಗಳನ್ನು ಎತ್ತಿಸಿತು. ಗೇಟಿನ ಆದಾಯ ಕಳೆದುಕೊಂಡ ಬೋರ್ಡುಗಳಿಗೆ ವಾಹನ ತೆರಿಗೆಯಿಂದ ಪರಿಹಾರ. ಬಳ್ಳಾರಿ, ಮಂಗಳೂರಿನ ಕಡೆಯವರು ಆಗ ಟೋಲ್ ತಪ್ಪಿಸಿಕೊಂಡರು. ನಾವು ಇಂದು ಹೊಸ ಗಾಡಿ ಕೊಳ್ಳುವಾಗ ಕಟ್ಟುವ ರೋಡ್ ಟ್ಯಾಕ್ಸ್‌ನ ಹಳೇ ರೂಪ ಅದು. ರಾಜ್ಯ ಒಂದಾದ ಮೇಲೆ ಎಲ್ಲ ಸೀಮೆಗಳಿಗೂ ಸೇರಿ 1957ರ ವಾಹನ ತೆರಿಗೆ ಕಾಯ್ದೆ ಬಂತು, ಈಗಲೂ ನಡೆಯುತ್ತಿರುವುದು ಅದೇ.

ಒಂದು ಲೀಟರ್ ಡೀಸೆಲ್ ಮೇಲೆ ದೆಹಲಿಯೂ ಬೆಂಗಳೂರೂ ಎರಡೂ ಯಾಕೆ ತೆರಿಗೆ ಹಾಕುತ್ತವೆ ಎಂದು ಓದುಗರು ನಮ್ಮನ್ನು ಕೇಳಿದ್ದುಂಟು. ಅದರ ಉತ್ತರ 1938ರಲ್ಲಿದೆ, ನಾಗಪುರದಲ್ಲಿ.

1935ರ ಕಾನೂನಿನಂತೆ ಪ್ರಾಂತ್ಯಗಳಲ್ಲಿ ಚುನಾಯಿತ ಸರ್ಕಾರಗಳು ಬಂದಿದ್ದವು. ಮಾಡಬೇಕಾದ ಕೆಲಸ ಬಹಳ, ಕೈಯಲ್ಲಿ ಕಾಸು ಕಡಿಮೆ. ನಾಗಪುರವನ್ನು ರಾಜಧಾನಿ ಮಾಡಿಕೊಂಡಿದ್ದ ಮಧ್ಯ ಪ್ರಾಂತ್ಯ ಮತ್ತು ಬೇರಾರ್ ಸರ್ಕಾರ ಪೆಟ್ರೋಲ್ ಮತ್ತು ಮೋಟಾರಿಗೆ ಹಾಕುವ ಎಣ್ಣೆಯ ಚಿಲ್ಲರೆ ಮಾರಾಟದ ಮೇಲೆ ಶೇ 5ರಷ್ಟು ತೆರಿಗೆ ಹಾಕಿತು. ದೆಹಲಿ ತಕರಾರು ತೆಗೆಯಿತು: ಪೆಟ್ರೋಲಿನ ಮೇಲಿನ ಅಬಕಾರಿ ಸುಂಕ ನಮ್ಮ ಹಕ್ಕು, ನೀವು ಅದನ್ನೇ ಬೇರೆ ಹೆಸರಿನಲ್ಲಿ ವಸೂಲು ಮಾಡುತ್ತಿದ್ದೀರಿ. ಪ್ರಾಂತ್ಯ ಹೇಳಿತು: ನಿಮ್ಮದು ತಯಾರಿಕೆಯ ಮೇಲಿನ ಸುಂಕ, ನಮ್ಮದು ಮಾರಾಟದ ಮೇಲಿನ ತೆರಿಗೆ, ಎರಡೂ ಬೇರೆ. ಗವರ್ನರ್ ಜನರಲ್ ಇದನ್ನು ಹೊಸದಾಗಿ ಶುರುವಾಗಿದ್ದ ಫೆಡರಲ್ ಕೋರ್ಟಿಗೆ ಕಳಿಸಿದರು. ಆ ಕೋರ್ಟಿನ ಮೊದಮೊದಲ ತೀರ್ಪುಗಳಲ್ಲಿ ಇದೊಂದು.

ಪೀಠದಲ್ಲಿ ಮೂವರು. ಮುಖ್ಯ ನ್ಯಾಯಮೂರ್ತಿ ಮಾರಿಸ್ ಗ್ವಯರ್, ಶಾ ಮುಹಮ್ಮದ್ ಸುಲೇಮಾನ್, ಮೂರನೆಯವರು ಎಂ.ಆರ್. ಜಯಕರ್. ಹೌದು, ಹತ್ತು ವರ್ಷದ ಹಿಂದೆ ರಸ್ತೆಗೆ ಪೆಟ್ರೋಲಿನಿಂದ ಹಣ ಎತ್ತಿ ಎಂದಿದ್ದ ಅದೇ ಜಯಕರ್. ಮೂವರೂ ಪ್ರಾಂತ್ಯದ ಪರ ನಿಂತರು. ಒಂದೇ ವಸ್ತುವಿನ ಮೇಲೆ ಕೇಂದ್ರ ಸುಂಕ ಹಾಕಬಹುದು, ಮಾರುವಾಗ ಪ್ರಾಂತ್ಯವೂ ತೆರಿಗೆ ಹಾಕಬಹುದು.

ದಾರಿ ತೆರೆಯಿತು. ಮದರಾಸು ಪ್ರಾಂತ್ಯ 1939ರಲ್ಲೇ ಪೆಟ್ರೋಲ್ ಮಾರಾಟ ತೆರಿಗೆ ತಂದಿತು. ಸಂವಿಧಾನ ಬಂದಾಗಲೂ ಇದೇ ಹಂಚಿಕೆ ಉಳಿಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಸೋಪಿನಿಂದ ಸಿಮೆಂಟಿನವರೆಗೆ ಎಲ್ಲ ಒಂದೇ ತೆರಿಗೆಯಡಿ ಸೇರಿದಾಗ ಪೆಟ್ರೋಲ್, ಡೀಸೆಲ್ ಮಾತ್ರ ಹೊರಗೆ ನಿಂತವು. ಕುಡಿಯುವ ಮದ್ಯವೂ ಹೊರಗೆ. ರಾಜ್ಯ ಸರ್ಕಾರಗಳಿಗೆ ತಾವೇ ದರ ಏರಿಸಿ ಇಳಿಸಬಲ್ಲ ದೊಡ್ಡ ಬಾಬತ್ತುಗಳೆಂದರೆ ಎಣ್ಣೆ, ಹೆಂಡ, ಗಾಡಿ, ಜಮೀನು ನೋಂದಣಿ ಇಷ್ಟೇ. ಕೈಗೆಟುಕುವ ಕೊಂಬೆ ಇರುವುದೇ ಕೆಲವು. ಹಾಗಾಗಿ ಜಗ್ಗುವುದು ಮತ್ತೆ ಮತ್ತೆ ಅವನ್ನೇ.

ನಡುವೆ ಊರ ಬಾಗಿಲ ಸುಂಕವೂ ಹೋಯಿತು. ಪೇಟೆಗೆ ಸರಕು ತಂದರೆ ಪುರಸಭೆಯವರು ನಾಕಾದಲ್ಲಿ ಹಿಡಿಯುತ್ತಿದ್ದ ಆಕ್ಟ್ರಾಯ್ 1979ರಲ್ಲಿ ನಮ್ಮ ರಾಜ್ಯದಲ್ಲಿ ನಿಂತು, ಬದಲಿಗೆ ಪ್ರವೇಶ ತೆರಿಗೆ ಬಂತು. ಜಿಎಸ್‌ಟಿ ಬಂದ ಮೇಲೆ ಅದೂ ಇಲ್ಲ. ನಾಕಾದ ಹಳೇ ಗೂಡುಗಳು ಕೆಲವು ಊರುಗಳ ಹೊರಗೆ ಇನ್ನೂ ನಿಂತಿವೆ, ಈಗ ಚಹಾ ಅಂಗಡಿಯಾಗಿ.

ಇನ್ನು ನಮ್ಮ ಹಳ್ಳಿ ರಸ್ತೆಯ ಮಾತು. 1998ರಲ್ಲಿ ಪೆಟ್ರೋಲಿಗೂ 1999ರಲ್ಲಿ ಡೀಸೆಲ್‌ಗೂ ಲೀಟರಿಗೆ 1 ರೂಪಾಯಿ ರಸ್ತೆಗೆಂದು ಸೇರಿತು. 2000ದ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ನಿಧಿಗೆ ಕಾಯ್ದೆಯ ಬಲ ಬಂತು. ಆ ಕಾಯ್ದೆಯಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು: ಡೀಸೆಲ್ ಸೆಸ್‌ನಲ್ಲಿ ಅರ್ಧ ಗ್ರಾಮೀಣ ರಸ್ತೆಗೆ. ಅದೇ ತಿಂಗಳ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಬಯಲು ಸೀಮೆಯಲ್ಲಿ 500 ಜನ ಇರುವ ಊರಿಗೆ ಎಲ್ಲ ಕಾಲಕ್ಕೂ ಓಡಾಡುವ ರಸ್ತೆ ಕೊಡುವ ಯೋಜನೆ. ನಾವೆಲ್ಲ ಆಗ ಶಾಲೆಗೆ ಹೋಗುವ ಮಕ್ಕಳು. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ದಾರಿಗೆ ಟಾರು ಬಿದ್ದದ್ದು ನೋಡಿದ ಪೀಳಿಗೆ ನಮ್ಮದು. ಆ ಟಾರಿನಲ್ಲಿ ಲಾರಿಗಳು, ಟ್ರ್ಯಾಕ್ಟರುಗಳು ಸುಟ್ಟ ಡೀಸೆಲಿನ ಪಾಲಿತ್ತು. ತೆರಿಗೆ ಕಣ್ಣಿಗೆ ಕಾಣದಿದ್ದರೂ ರಸ್ತೆ ಕಾಣುತ್ತಿತ್ತು.

ಆ ಸೆಸ್ ಬೆಳೆಯುತ್ತಾ ಹೋಯಿತು. 2003ರಲ್ಲಿ ಒಂದೂವರೆ ರೂಪಾಯಿ, 2005ರಲ್ಲಿ 2, 2015ರಲ್ಲಿ 6, 2018ರಲ್ಲಿ 8. ಕೊರೊನಾ ಲಾಕ್‌ಡೌನ್‌ನಲ್ಲಿ, 2020ರ ಮೇ ತಿಂಗಳಲ್ಲಿ, 18. ಅದರ ಜೊತೆಗೆ ಬೇರೆ ಸುಂಕಗಳು. 2014ರ ಕೊನೆಯಿಂದ 2016ರ ಆರಂಭದವರೆಗೆ ಜಗತ್ತಿನಲ್ಲಿ ಕಚ್ಚಾ ತೈಲದ ಬೆಲೆ ಕುಸಿದಿತ್ತು. ಆಗ ಕೇಂದ್ರ ಒಂಬತ್ತು ಸಲ ಸುಂಕ ಏರಿಸಿತು. ಬಾವಿಯಲ್ಲಿ ನೀರು ಇಳಿದಷ್ಟೂ ಕೊಡ ತುಂಬುವವರ ಹಗ್ಗ ಉದ್ದವಾಗಬೇಕು. ಇಲ್ಲಿ ಎಣ್ಣೆ ಅಗ್ಗವಾದಷ್ಟೂ ಸುಂಕದ ಹಗ್ಗ ಉದ್ದವಾಯಿತು. ಬಂಕಿನ ದರ ಅಷ್ಟಾಗಿ ಇಳಿಯಲಿಲ್ಲ, ಆದ್ದರಿಂದ ಏರಿದ್ದೂ ಯಾರಿಗೂ ಅಷ್ಟಾಗಿ ತಿಳಿಯಲಿಲ್ಲ. 2014ರಲ್ಲಿ ಡೀಸೆಲ್ ಲೀಟರಿಗೆ 3 ರೂಪಾಯಿ 56 ಪೈಸೆ ಇದ್ದ ಕೇಂದ್ರದ ಸುಂಕ 2020ರ ಮೇ ತಿಂಗಳಲ್ಲಿ 31 ರೂಪಾಯಿ 83 ಪೈಸೆ. ಪೆಟ್ರೋಲಿನದು 9.48ರಿಂದ 32.98ಕ್ಕೆ.

2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಇಳಿಸಿದರು. ಡೀಸೆಲ್ ಸುಂಕ 15.80ಕ್ಕೆ ಬಂತು. 2025ರ ಏಪ್ರಿಲ್‌ನಲ್ಲಿ 2 ರೂಪಾಯಿ ಏರಿ 17.80 ಆಯಿತು.

ಆಗಿನ ಈ 17.80ನ್ನು ಬಿಡಿಸಿ ನೋಡಿ. ಮೂಲ ಅಬಕಾರಿ ಸುಂಕ 1.80. ವಿಶೇಷ ಹೆಚ್ಚುವರಿ ಸುಂಕ 10. ರಸ್ತೆ ಮತ್ತು ಮೂಲಸೌಕರ್ಯ ಸೆಸ್ 2. ಕೃಷಿ ಮೂಲಸೌಕರ್ಯ ಸೆಸ್ 4. ಇವುಗಳಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಮೊದಲಿನ 1.80 ಮಾತ್ರ. ಸೆಸ್, ಸರ್ಚಾರ್ಜ್ ಹೆಸರಿನಲ್ಲಿ ಎತ್ತಿದ್ದು ಹಂಚಿಕೆಯ ಗಂಟಿಗೆ ಬರುವುದಿಲ್ಲ. 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ ಶೇ 41, ಅಂದರೆ ಸುಮಾರು 74 ಪೈಸೆ. ಅದರಲ್ಲಿ ಕರ್ನಾಟಕದ ಪಾಲು ಆಗ ಶೇ 3.647 ಇತ್ತು. ನೀವೇ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಗುಣಿಸಿ: ಲೀಟರಿಗೆ ಮೂರು ಪೈಸೆಗಿಂತ ಕಡಿಮೆ.

ಆ ‘ಅರ್ಧ ಹಳ್ಳಿ ರಸ್ತೆಗೆ’ ಎಂಬ ಮಾತು ಏನಾಯಿತು? 2018ರಲ್ಲಿ ಕೇಂದ್ರ ರಸ್ತೆ ನಿಧಿಯ ಹೆಸರು ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಎಂದು ಬದಲಾಯಿತು. ಮೂಲಸೌಕರ್ಯದ ಪಟ್ಟಿಯಲ್ಲಿ ರಸ್ತೆಯ ಜೊತೆ ಬಂದರು, ವಿದ್ಯುತ್, ನೀರು, ದೂರಸಂಪರ್ಕ ಎಲ್ಲ ಸೇರಿದವು. ಯಾವುದಕ್ಕೆ ಎಷ್ಟು ಎಂದು ಕಾಯ್ದೆಯಲ್ಲೇ ಕಟ್ಟಿಟ್ಟಿದ್ದ ಪಾಲು ಹೋಗಿ, ಸಮಿತಿ ಕೂತು ನಿರ್ಧರಿಸುವ ವ್ಯವಸ್ಥೆ ಬಂತು. ಬಂದರೂ ಬೇಕು, ವಿದ್ಯುತ್ತೂ ಬೇಕು, ಅದಕ್ಕೆ ತಕರಾರಿಲ್ಲ. ಆದರೆ ಡೀಸೆಲಿನ ಮೇಲೆ ಹಳ್ಳಿಗಿದ್ದ ಬರಹದ ಹಕ್ಕು ಅಳಿಸಿಹೋದದ್ದು ನಮ್ಮ ತಾಲ್ಲೂಕುಗಳಲ್ಲಿ ಸುದ್ದಿಯೇ ಆಗಲಿಲ್ಲ.

ದೆಹಲಿಯನ್ನಷ್ಟೇ ಬೈದು ಬಿಟ್ಟರೆ ನ್ಯಾಯವಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಪೆಟ್ರೋಲಿಗೆ ಶೇ 25.92ರಿಂದ 29.84ಕ್ಕೆ ಏರಿಸಿತು, ಡೀಸೆಲ್‌ಗೂ ಏರಿಸಿತು. ಬಂಕಿನಲ್ಲಿ ಪೆಟ್ರೋಲ್ 3 ರೂಪಾಯಿ, ಡೀಸೆಲ್ 3 ರೂಪಾಯಿಗೂ ಹೆಚ್ಚು ದುಬಾರಿ. ಅಕ್ಕಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲೇ ಕಡಿಮೆ ಎಂದು ಸರ್ಕಾರ ಸಮರ್ಥಿಸಿಕೊಂಡಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಶೇ 21.17 ಆಗಿ ಮತ್ತೆ 2 ರೂಪಾಯಿ ಏರಿತು. ಲಾರಿ ಮಾಲೀಕರು ಅದೇ ತಿಂಗಳ ಮಧ್ಯದಲ್ಲಿ ಮುಷ್ಕರ ಹೂಡಿದರು. ಹೆಣ್ಣುಮಕ್ಕಳು 2023ರಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಓಡಾಡುತ್ತಿರುವುದು ಹಳ್ಳಿಗಳಲ್ಲಿ ದೊಡ್ಡ ಬದಲಾವಣೆ, ಅದನ್ನು ನಾವು ದಿನವೂ ನೋಡುತ್ತೇವೆ. ಗಂಡಸರ ಟಿಕೆಟ್ 2025ರ ಜನವರಿಯಲ್ಲಿ ಶೇ 15 ಏರಿದ್ದನ್ನೂ ನೋಡುತ್ತೇವೆ. ಒಂದು ಕೈಯಲ್ಲಿ ಕೊಟ್ಟದ್ದಕ್ಕೆ ಇನ್ನೊಂದು ಕೈ ಎಲ್ಲಿಂದ ತಂದಿತು ಎಂದು ಕೇಳುವುದು ಕೊಟ್ಟದ್ದನ್ನು ಹೀಗಳೆದಂತಲ್ಲ.

ಕಟ್ಟೆಯೂ ವಾಪಸ್ಸು ಬಂದಿದೆ, ಟೋಲ್ ಪ್ಲಾಜಾ ಆಗಿ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಸುಂಕದವನ ಮುಖ ಅಲ್ಲಿಯೂ ಮಾಯವಾಯಿತು, ಮೊಬೈಲಿಗೆ ಮೆಸೇಜ್ ಬರುತ್ತದೆ ಅಷ್ಟೆ. ಆದರೂ ಟೋಲಿಗೆ ಒಂದು ನಿಯತ್ತಿದೆ: ಎಷ್ಟು ಕಿಲೋಮೀಟರಿಗೆ ಎಷ್ಟು ದರ ಎಂದು ಬೋರ್ಡು ಹಾಕಿರುತ್ತಾರೆ, ಜಗಳವಾಡಲು ಅಲ್ಲೊಂದು ಗೇಟಾದರೂ ಇರುತ್ತದೆ. ರಾಷ್ಟ್ರೀಯ ಹೆದ್ದಾರಿಯ 2008ರ ನಿಯಮದಲ್ಲಿ ಬೈಕ್, ಟ್ರ್ಯಾಕ್ಟರ್, ಎತ್ತಿನ ಗಾಡಿಗೆ ಸಾಮಾನ್ಯವಾಗಿ ಟೋಲ್ ಇಲ್ಲ. ಪ್ಲಾಜಾದಿಂದ 20 ಕಿಲೋಮೀಟರ್ ಒಳಗಿನ ಊರಿನವರ ಸ್ವಂತ ಕಾರಿಗೆ ರಿಯಾಯಿತಿ ತಿಂಗಳ ಪಾಸ್ ಇದೆ. ಇದು ಗೊತ್ತಿಲ್ಲದೆ ಪೂರ್ತಿ ಕಟ್ಟುತ್ತಿರುವವರು ಇದ್ದರೆ ಹೋಗಿ ಕೇಳಿ.

ಸಾವಿರ ವರ್ಷದ ಹಿಂದೆ ಎತ್ತಿನ ಹೇರು ಎಣಿಸಿ ಸುಂಕ ತೆಗೆದುಕೊಳ್ಳುತ್ತಿದ್ದ ಜಾಗದಲ್ಲಿ ಇವತ್ತು ಎತ್ತು ಪುಕ್ಕಟೆ ಹೋಗುತ್ತದೆ. ಟ್ರ್ಯಾಕ್ಟರೂ ಪುಕ್ಕಟೆ. ಆದರೆ ಟ್ರ್ಯಾಕ್ಟರ್ ಟ್ಯಾಂಕಿನಲ್ಲಿರುವ ಡೀಸೆಲ್ ಆಗಲೇ ಸುಂಕ ಕಟ್ಟಿ ಬಂದಿದೆ.

ನಮಗೆ ಕೊರೆಯುವುದು ಇದೇ. ರಸ್ತೆ ಸವೆಸುವವನು ಕಟ್ಟಲಿ ಎಂದು 1929ರಲ್ಲಿ ಹೇಳಿ ಶುರು ಮಾಡಿದ ತೆರಿಗೆ ಇದು. ಆಗ ಎಣ್ಣೆ ಸುಡುತ್ತಿದ್ದದ್ದು ರಸ್ತೆಯ ಮೇಲಿನ ಮೋಟಾರು. ಈಗ ಹೊಲದೊಳಗೆ ರಂಟೆ ಹೊಡೆಯುವ ಟ್ರ್ಯಾಕ್ಟರ್, ಗದ್ದೆ ಕೆಸರಿನ ಟಿಲ್ಲರ್, ಕರೆಂಟ್ ಇಲ್ಲದ ರಾತ್ರಿ ಓಡುವ ಡೀಸೆಲ್ ಪಂಪ್‌ಸೆಟ್, ರಾಶಿ ಮಾಡುವ ಮಶೀನು ಎಲ್ಲವೂ ಅದೇ ಎಣ್ಣೆ ಸುಡುತ್ತವೆ, ಅದೇ ರಸ್ತೆ ಸೆಸ್ ಕಟ್ಟುತ್ತವೆ. ಬದುವಿನಿಂದ ಬದುವಿಗೆ ಓಡಾಡಿದ ಟ್ರ್ಯಾಕ್ಟರ್ ಯಾವ ರಸ್ತೆ ಸವೆಸಿತು? ಕಬ್ಬಿನ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿ ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳು ಹಳ್ಳಿ ರಸ್ತೆ ಕಿತ್ತುಹಾಕುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಂಕಿನ ಮೀಟರಿಗೆ ಹೊಲ ಯಾವುದು, ಹೆದ್ದಾರಿ ಯಾವುದು ಗೊತ್ತಿಲ್ಲ.

ಬೇರೆ ಮಾಡಲು ಆಗುವುದೇ ಇಲ್ಲ ಎಂದಲ್ಲ. ಕರಾವಳಿಯ ಯಾಂತ್ರಿಕ ಮೀನುಗಾರಿಕೆ ದೋಣಿಗಳಿಗೆ ರಾಜ್ಯ ಸರ್ಕಾರ ಮಾರಾಟ ತೆರಿಗೆ ಇಲ್ಲದ ಡೀಸೆಲನ್ನು ಒಂದು ಮಿತಿಯಲ್ಲಿ ಕೊಡುತ್ತಾ ಬಂದಿದೆ. ಸಮುದ್ರದಲ್ಲಿ ರಸ್ತೆ ಇಲ್ಲ ಎಂಬುದು ಒಪ್ಪಿತವಾಗಿದೆ. ರೈತರಿಗೆ 2022-23ರ ಬಜೆಟ್‌ನಲ್ಲಿ ರೈತ ಶಕ್ತಿ ಎಂದು ಎಕರೆಗೆ 250 ರೂಪಾಯಿ, ಹೆಚ್ಚೆಂದರೆ 5 ಎಕರೆಗೆ, ಡೀಸೆಲ್ ಸಹಾಯಧನ ಘೋಷಿಸಿದರು. 2022ರ ಮೇ ತಿಂಗಳಲ್ಲಿ ಬಂದ 15.80ರ ಸುಂಕದಲ್ಲಿ ಲೆಕ್ಕ ಹಾಕಿದರೆ ಆ 250 ರೂಪಾಯಿ ಸುಮಾರು 16 ಲೀಟರ್ ಡೀಸೆಲ್ ಮೇಲಿನ ಕೇಂದ್ರದ ಸುಂಕಕ್ಕೆ ಸಮ. ರಾಜ್ಯದ ತೆರಿಗೆಯ ಮಾತು ಬೇರೆಯೇ.

ಕೊನೆಯದಾಗಿ ಒಂದು ಸಣ್ಣ ಸಂಗತಿ. ನಿಮ್ಮ ಮನೆಯಲ್ಲಿ ಮಿಕ್ಸರ್ ಕೊಂಡ ಬಿಲ್ ಇದ್ದರೆ ತೆಗೆದು ನೋಡಿ, ಗೊಬ್ಬರದ ಅಂಗಡಿಯ ಬಿಲ್ಲೂ ಆದೀತು. ಕೆಳಗೆ ಸಿಜಿಎಸ್‌ಟಿ ಇಷ್ಟು, ಎಸ್‌ಜಿಎಸ್‌ಟಿ ಇಷ್ಟು ಎಂದು ಬರೆದಿರುತ್ತದೆ. ಮುಂದಿನ ಸಲ ಡೀಸೆಲ್ ಹಾಕಿಸಿದಾಗ ಬಂಕಿನಲ್ಲಿ ಬಿಲ್ ಕೇಳಿ ತೆಗೆದುಕೊಳ್ಳಿ. ಲೀಟರಿನ ದರ, ಎಷ್ಟು ಲೀಟರ್, ಒಟ್ಟು ಎಷ್ಟು ಎಂದಿರುತ್ತದೆ. ತೆರಿಗೆಯ ಸಾಲು ಹುಡುಕಿ ನೋಡಿ, ಸಿಕ್ಕರೆ ಫೋಟೊ ತೆಗೆದು ನಮಗೆ ಕಳಿಸಿ.